ಅವ್ವನ ಬರ ಪರಿಹಾರ ಹುಡ್ಕೊಂಡು ಅಲೆದಿದ್ದು

2023ರ ಬರದ ದುಡ್ಡು ನಿಮ್ಮನೆಗೆ ಬಂತಾ ಅಂತ ಯಾರಾದ್ರೂ ಕೇಳಿದ್ರೆ ಬಂತು, ಬರ್ಲಿಲ್ಲ, ಬೇರೆಯವರಿಗೆ ಹೋಯ್ತು ಅಂತ ಮೂರು ಉತ್ರ ಕೊಡ್ತೀನಿ, ಮೂರೂ ನಿಜಾನೇ. ನಮ್ಮೂರು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಸೀಮೇಲಿ, ನಾನಿರೋದು ದಾವಣಗೆರೇಲಿ, ಒಂದು ಅಂಗಡೀಲಿ ಲೆಕ್ಕ ಬರೆಯೋ ಕೆಲಸ, ಊರಲ್ಲಿ ಅವ್ವ ಇರ್ತಾಳೆ, ಪಕ್ಕದ ಮನೇಲೇ ದೊಡ್ಡಪ್ಪ. ಅವ್ವ ಬೇಸಾಯ ಮಾಡೋದು ಎರಡು ಕಡೆ. ಅಪ್ಪ ದುಡ್ಡು ಕೂಡಿಟ್ಟು ತಗೊಂಡಿದ್ದ ಮೂರು ಎಕರೆ, ಅಪ್ಪ ತೀರ್ಕೊಂಡ್ಮೇಲೆ ಬ್ಯಾಂಕ್ ಸಾಲ ಬೇಕಾಗಿ ಆಗ್ಲೇ ಅವ್ವನ ಹೆಸರಿಗೆ ಖಾತೆ ಆಗಿತ್ತು. ಪಕ್ಕದ ಎರಡು ಎಕರೆ ಬೆಂಗಳೂರಲ್ಲಿರೋ ನಮ್ಮೂರೋರೊಬ್ಬರದ್ದು, ಅದು ಗುತ್ತಿಗೆ. ಅದರಾಚೆ ಅಜ್ಜನ ಐದು ಎಕರೆ, ಅದನ್ನ ದೊಡ್ಡಪ್ಪ ನೋಡ್ಕೋತಾರೆ, ಪಹಣೀಲಿ ಮಾತ್ರ ಇವತ್ತಿಗೂ ಸತ್ತೋಗಿರೋ ಅಜ್ಜನ ಹೆಸರೇ ಇರೋದು. ಮೂರೂ ಹೊಲ ಒಂದೇ ಬದುವಿನ ಆಚೆ ಈಚೆ, ಬಿದ್ದ ಮಳೆ ಒಂದೇ, ಬೀಳದ ಮಳೆನೂ ಒಂದೇ.

ಅದರ ಹಿಂದಿನ ವರ್ಷ 2022ರಲ್ಲಿ ನಮ್ಮ ಕಡೆ ಮಳೆ ಬೇರೆ ಥರ ಕೈಕೊಟ್ಟಿತ್ತು, ಮಾರಿಕಣಿವೆ ಡ್ಯಾಮು 1933 ಆದ್ಮೇಲೆ 89 ವರ್ಷಕ್ಕೆ ಕೋಡಿ ಬಿತ್ತು, ಎಲ್ರೂ ಟ್ರ್ಯಾಕ್ಟರ್ ಮಾಡ್ಕೊಂಡು ನೋಡಕ್ಕೆ ಹೋದ್ರು, ಸೆಲ್ಫಿ ಹೊಡ್ಕೊಂಡ್ರು, ವಾಪಸ್ ಬಂದು ನೋಡಿದ್ರೆ ಹೊಲದಲ್ಲಿ ಈರುಳ್ಳಿ ಕೊಳೀತಾ ಇತ್ತು. ವೇದಾವತಿ ದಂಡೆ ಊರುಗಳಲ್ಲಿ ನೀರು ನುಗ್ಗಿದ ಕಡೆ ಕಾಳಜಿ ಕೇಂದ್ರ ಅಂತ ತೆರೆದ್ರು, ಹಳಬರು ಅದನ್ನ ಈಗ್ಲೂ ಗಂಜಿ ಕೇಂದ್ರ ಅಂತಾನೇ ಅನ್ನೋದು. ಹಂಗಾಗಿ ಮುಂದಿನ ಮುಂಗಾರಿಗೆ ಅವ್ವ ಈರುಳ್ಳಿ ಸಹವಾಸನೇ ಬೇಡ ಅಂತ ಪೂರ್ತಿ ಶೇಂಗಾ ಹಾಕಿದ್ಲು, ನಡುವೆ ತೊಗರಿ ಅಕ್ಕಡಿ ಸಾಲು.

ಜುಲೈನಲ್ಲಿ ಚೆನ್ನಾಗೇ ಹುಟ್ಟಿತ್ತು. ಆಗಸ್ಟ್ ಬಂತು ನೋಡಿ, 1901ರಿಂದ ಮಳೆ ಲೆಕ್ಕ ಇಟ್ಟಿರೋದ್ರಲ್ಲಿ ದೇಶಕ್ಕೇ ಅದರಷ್ಟು ಒಣ ಆಗಸ್ಟ್ ಇನ್ನೊಂದಿಲ್ವಂತೆ. ಹೂವಾಗಿ ಕಾಯಿ ಮಣ್ಣಿಗೆ ಇಳಿಯೋ ಹೊತ್ತು ಅದು, ಕೆಂಪು ನೆಲ ಗಟ್ಟಿ ಆಗಿ ಇಳಿಯಕ್ಕೇ ಆಗ್ಲಿಲ್ಲ. ನಾನು ಗೌರಿ ಹಬ್ಬಕ್ಕೆ ಹೋದಾಗ ಅವ್ವ ಒಂದು ಗಿಡ ಕಿತ್ತು ಕೈಗೆ ಕೊಟ್ಲು. ಎಲೆ ಹಸಿರಾಗೇ ಇತ್ತು, ದೂರದಿಂದ ನೋಡಿದ್ರೆ ಬೆಳೆ ಹೋಗೈತೆ ಅಂತ ಯಾರೂ ಹೇಳಲ್ಲ, ಬೇರಲ್ಲಿ ಮಾತ್ರ ಎರಡೋ ಮೂರೋ ಕಾಯಿ, ಅದುಮಿದ್ರೆ ಒಳಗೆ ಬರೀ ನೀರು, ಬೀಜ ಇಲ್ಲ. ಈ ಹಸಿರು ಆಮೇಲೆ ಹೊಸ ತಲೆನೋವಾಯ್ತು, ಕೆಲವರು ಇದನ್ನ ಹಸಿರು ಬರ ಅಂತ ಕರೀತಿದ್ರು, ಮೇಲಿಂದ ನೋಡೋ ಸ್ಯಾಟಲೈಟಿಗೆ ಎಲೆ ಕಾಣುತ್ತೇ ಹೊರತು ಮಣ್ಣೊಳಗಿನ ಜೊಳ್ಳು ಕಾಣಲ್ಲ.

ಬರ ಅಂತ ಘೋಷಣೆ ಮಾಡೋದು ಹೆಂಗೆ ಅನ್ನೋದು ನನಗೆ ಗೊತ್ತಾಗಿದ್ದೇ ಈ ಓಡಾಟದಲ್ಲಿ. ನಾನು ತಹಸೀಲ್ದಾರ್ರು ಬಂದು ನೋಡಿ ಬರೀತಾರೆ ಅನ್ಕೊಂಡಿದ್ದೆ. ಕೇಂದ್ರದ್ದು 2016ರ ಬರ ಕೈಪಿಡಿ ಅಂತ ಒಂದೈತೆ, ಅದರ ಪ್ರಕಾರ ಮೊದಲು ಮಳೆ ಎಷ್ಟು ಕೊರತೆ, ಸತತವಾಗಿ ಮೂರು ವಾರದ ಮೇಲೆ ಒಣ ಹವೆ ಇತ್ತಾ ಅಂತ ನೋಡ್ತಾರೆ, ಆಮೇಲೆ ಸ್ಯಾಟಲೈಟಿನ ಹಸಿರು ಸೂಚ್ಯಂಕ, ಮಣ್ಣಿನ ತೇವ, ಬಿತ್ತನೆ ಎಷ್ಟಾಗೈತೆ ಇವೆಲ್ಲ, ಆಮೇಲೆ ನೂರಕ್ಕೆ ಹತ್ತು ಹಳ್ಳಿ ಆರಿಸಿ ಹೊಲಕ್ಕೇ ಬಂದು ನೋಡ್ತಾರೆ. ಮಳೆ ಲೆಕ್ಕ ಯಲಹಂಕದಲ್ಲಿರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಪಂಚಾಯ್ತಿ ಮಳೆ ಮಾಪಕದಿಂದ ತಾನಾಗೇ ಹೋಗುತ್ತೆ. ಸೆಪ್ಟೆಂಬರ್ 13ಕ್ಕೆ 195 ತಾಲೂಕು ಬರಪೀಡಿತ ಅಂದ್ರು, 161 ತೀವ್ರ, 34 ಸಾಧಾರಣ, ಅದು ಏರ್ತಾ ಏರ್ತಾ ಕೊನೆಗೆ 223ಕ್ಕೆ ನಿಂತ್ಕೊಳ್ತು. ನಮ್ಮ ತಾಲೂಕೂ ಲಿಸ್ಟಲ್ಲಿತ್ತು. ಊರಲ್ಲಿ ಒಂಥರ ಸಮಾಧಾನ, ಬರ ಬಂತಲ್ಲ ಅಂತ ಖುಷಿ ಪಡೋ ಪರಿಸ್ಥಿತಿ ನೋಡಿ ಹೆಂಗಿರುತ್ತೆ.

ಅಲ್ಲಿವರೆಗೂ ಲೆಕ್ಕ ಎಲ್ಲ ಊರಿಂದು, ಹೋಬಳಿದು, ತಾಲೂಕಿಂದು. ಅಲ್ಲಿಂದಾಚೆ ಲೆಕ್ಕ ಸರ್ವೆ ನಂಬರಿಂದು, ಪಹಣೀದು, ಆಧಾರಿಂದು. ನಮ್ಮ ಕಥೆ ಶುರುವಾಗೋದೇ ಇಲ್ಲಿಂದ.

ಮೊದಲು ಬೆಳೆ ಸಮೀಕ್ಷೆ. ಊರಿನ ಹುಡುಗರನ್ನೇ ಪಿಆರ್, ಅಂದ್ರೆ ಖಾಸಗಿ ನಿವಾಸಿ, ಅಂತ ತಗೊಂಡು ಫೋನ್ ಕೊಟ್ಟು ಕಳಿಸ್ತಾರೆ, ಹೊಲಕ್ಕೆ ಹೋಗಿ ಸರ್ವೆ ನಂಬರಿನ ಗಡಿ ಒಳಗೆ ನಿಂತು ಬೆಳೆ ಫೋಟೋ ತೆಗೆದು ಆಪಲ್ಲಿ ಹಾಕಬೇಕು, ರೈತರೂ ತಾವೇ ಹಾಕಬಹುದು. ನಮ್ಮ ಹೊಲಕ್ಕೆ ಬಂದ ಹುಡುಗ ಪಾಪ ಬಿಸ್ಲಲ್ಲಿ ಬದುವಿನ ಮೇಲೇ ನಿಂತು ಫೋಟೋ ಹೊಡೆದಿದ್ದಾನೆ, ಎದುರಿಗೆ ಅಕ್ಕಡಿ ಸಾಲು ಇದ್ದಿದ್ದಕ್ಕೆ ಮೂರು ಎಕರೆನೂ ತೊಗರಿ ಆಗೋಯ್ತು! ಬೆಳೆ ದರ್ಶಕ ಆಪಲ್ಲಿ ನಾನು ಸುಮ್ನೆ ನೋಡಿದಾಗ ಇದು ಕಂಡಿದ್ದು. ಅವ್ವನಿಗೆ ಫೋನ್ ಮಾಡಿದ್ರೆ "ತೊಗರಿ ಅಂತ ಬರ್ದವನಿಗೆ ಬಂದು ಬಿಡಿಸ್ಕೊಂಡು ಹೋಗು ಅಂತ ಹೇಳು" ಅಂದ್ಲು.

ಇದರಲ್ಲಿ ತಿಳ್ಕೊಬೇಕಾದ್ದೇನಂದ್ರೆ, ಸರ್ಕಾರದ ಬರ ಪರಿಹಾರಕ್ಕೆ ಮಳೆಯಾಶ್ರಿತ ಬೆಳೆ ಅಂದ್ರೆ ಶೇಂಗಾ ಆದ್ರೂ ತೊಗರಿ ಆದ್ರೂ ರೇಟು ಒಂದೇ, ಆ ವರ್ಷ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500, ಬೆಳೆ ನಷ್ಟ ನೂರಕ್ಕೆ 33ರ ಮೇಲಿರಬೇಕು, ಎಷ್ಟೇ ಜಮೀನಿದ್ರೂ ಎರಡು ಹೆಕ್ಟೇರಿಗೆ ಮಾತ್ರ. ಬೆಳೆ ವಿಮೆಗೆ ಹಂಗಲ್ಲ. ವಿಮೆ ಶೇಂಗಾಕ್ಕೆ ಕಟ್ಟಿ ಸಮೀಕ್ಷೇಲಿ ತೊಗರಿ ಅಂತ ಇದ್ರೆ ಅರ್ಜಿನೇ ವಜಾ. ಅವ್ವ ಮುಂಗಾರಿಗೆ ನೂರಕ್ಕೆ ಎರಡರ ಕಂತು ಕಟ್ಟಿದ್ಲು. ಹಂಗಾಗಿ ಆಕ್ಷೇಪಣೆ ಹಾಕಿ, ಕೃಷಿ ಇಲಾಖೆಯವರ ಹಿಂದೆ ಬಿದ್ದು, ಹೊಲದ ಮಧ್ಯೆ ನಿಂತು ಇನ್ನೊಂದ್ಸಲ ಫೋಟೋ ತೆಗೆಸಿದ್ವಿ. ಬೆಳೆ ಇನ್ನೂ ನಿಂತಿದ್ದಾಗ ಇದು ಆಗಿದ್ದಕ್ಕೆ ಸರಿಹೋಯ್ತು, ಕಿತ್ತಾದ ಮೇಲೆ ಏನಂತ ತೋರ್ಸೋದು. ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಬೆಳೆ ಕಟಾವಿಗೆ ಮುಂಚೆನೇ ಆಪಲ್ಲಿ ಒಂದ್ಸಲ ನೋಡಿ.

ಆಮೇಲೆ ಫ್ರೂಟ್ಸ್ ಐಡಿ, ಎಫ್ಐಡಿ ಅಂತಾರೆ, ರೈತರ ನೋಂದಣಿ ನಂಬರು. ಪಹಣಿ, ಆಧಾರು, ಬ್ಯಾಂಕ್ ಪಾಸ್‌ಬುಕ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದ್ರೆ ಮಾಡಿಕೊಡ್ತಾರೆ, ಇದು ಇಲ್ಲದೇ ಇದ್ರೆ ಪರಿಹಾರದ ತಂತ್ರಾಂಶಕ್ಕೆ ನೀವು ರೈತರೇ ಅಲ್ಲ. ಅವ್ವನದು ಹಳೇದೇ ಇತ್ತು, ಆದ್ರೆ ಪಹಣೀಲಿ ಹೆಸರಿನ ಕೊನೆಗೆ "ಮ್ಮ" ಐತೆ, ಆಧಾರಲ್ಲಿ ಇಲ್ಲ. ಇದೇ ಹೆಂಗಸಾ ಅಂತ ಸಿಸ್ಟಮ್ಮಿಗೆ ಡೌಟು. ಗ್ರಾಮ ಆಡಳಿತಾಧಿಕಾರಿ, ನಾವೆಲ್ಲ ಈಗ್ಲೂ ವಿಎ ಅನ್ನೋದು, ಒಳ್ಳೆ ಮನುಷ್ಯ, "ಎಲ್ಲ ಹೆಣ್ಮಕ್ಕಳದ್ದೂ ಇದೇ ಗೋಳು ಕಣಮ್ಮ, ಗಂಡಸರ ಹೆಸರು ಒಂದೇ ಥರ ಇರುತ್ತೆ, ನಿಮ್ಮದು ಅಮ್ಮ, ಅವ್ವ, ಕೋಂ ಅಂತ ಒಂದೊಂದ್ಕಡೆ ಒಂದೊಂದು ಥರ" ಅಂತ ಹೇಳಿ ಸರಿ ಮಾಡಿಸಿಕೊಟ್ರು. ಅವರ ಟೇಬಲ್ ಮೇಲೆ ಆಧಾರ್ ಜೆರಾಕ್ಸಿನ ಗುಡ್ಡೆ ಇತ್ತು, ಫ್ಯಾನ್ ಹಾಕಿದ್ರೆ ಹಾರೋಗುತ್ತೆ ಅಂತ ಆಫ್ ಮಾಡ್ಕೊಂಡು ಬೆವರ್ತಾ ಕೂತಿದ್ರು.

ಇಷ್ಟೊತ್ತಿಗೆ ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ರಾಜ್ಯಕ್ಕೆ ಬಂದು ನೋಡ್ಕೊಂಡು ಹೋಗಿತ್ತು. ರಾಜ್ಯ ಕೇಳಿದ್ದು 18,171 ಕೋಟಿ. ಅದರ ಮೇಲೆ ಜಗಳವೋ ಜಗಳ, ಅವರು ಕೊಡ್ಲಿಲ್ಲ ಇವರು ಸರಿಯಾಗಿ ಕೇಳ್ಲಿಲ್ಲ ಅಂತ, ಟೀವಿ ಹಾಕಿದ್ರೆ ಅದೇ. ಕೊನೆಗೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. ಅಷ್ಟರೊಳಗೆ ಜನವರಿ 2024ರಲ್ಲಿ ರಾಜ್ಯದವರು ಮೊದಲ ಕಂತು ಅಂತ ಒಬ್ಬ ರೈತರಿಗೆ ಗರಿಷ್ಠ 2,000 ರೂಪಾಯಿ ಹಾಕಿದ್ರು.

ಆ ಎರಡು ಸಾವಿರದ ಕಥೆ ಕೇಳಿ. ಅವ್ವ ಸಾಲ ಇರೋ ಬ್ಯಾಂಕಿನ ಪಾಸ್‌ಬುಕ್ ಕೊಟ್ಟಿದ್ಲಲ್ಲ, ದುಡ್ಡು ಅಲ್ಲಿಗೇ ಬರುತ್ತೆ ಅಂತ ಹೋಗಿ ಹೋಗಿ ಎಂಟ್ರಿ ಹಾಕ್ಸೋದು, ಏನೂ ಇಲ್ಲ ಅಂತ ವಾಪಸ್ ಬರೋದು. ಪಕ್ಕದ ಹೊಲದೋರಿಗೆ ಬಂದೈತೆ, ನಂಗೆ ಬಂದಿಲ್ಲ, ನಾನು ಒಂಟಿ ಹೆಂಗಸು ಅಂತ ಹಿಂಗೆ ಮಾಡ್ತಾರೆ ಅಂತ ಫೋನಲ್ಲಿ ಒಂದೇ ಸಮನೆ. ನಾನು ಪರಿಹಾರ ವೆಬ್‌ಸೈಟಲ್ಲಿ ಆಧಾರ್ ನಂಬರ್ ಹಾಕಿ ನೋಡಿದ್ರೆ ಸಂದಾಯ ಆಗೈತೆ ಅಂತ ತೋರಿಸ್ತು. ಎಲ್ಲಿಗೆ? ಗೃಹಲಕ್ಷ್ಮಿ ದುಡ್ಡು ಬರೋ ಖಾತೆಗೆ, ಅದು ಬೇರೆ ಬ್ಯಾಂಕು. ಡಿಬಿಟಿ, ಅಂದ್ರೆ ಸರ್ಕಾರ ನೇರ ಖಾತೆಗೆ ಹಾಕೋ ದುಡ್ಡು, ನೀವು ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ರಿ ಅಂತ ನೋಡಲ್ಲ, ಆಧಾರು ಬ್ಯಾಂಕುಗಳ ಪಾವತಿ ನೋಡ್ಕೊಳ್ಳೋ ಎನ್‌ಪಿಸಿಐನಲ್ಲಿ ಯಾವ ಬ್ಯಾಂಕಿಗೆ ಮ್ಯಾಪ್ ಆಗೈತೋ ಅಲ್ಲಿಗೇ ಹೋಗುತ್ತೆ, ಕೊನೇ ಸಲ ಎಲ್ಲಿ ಜೋಡಿಸಿದ್ರೋ ಅಲ್ಲಿಗೆ. ಗೃಹಲಕ್ಷ್ಮಿನೂ 2,000, ಬರದ ಕಂತೂ 2,000. ಮೆಸೇಜು ಇಂಗ್ಲೀಷಲ್ಲಿ. ಅವ್ವ ಗೃಹಲಕ್ಷ್ಮಿ ಹಳೇ ಬಾಕಿ ಬಂತು ಅನ್ಕೊಂಡು ಬಿಡಿಸ್ಕೊಂಡು ಬಂದು ಹಸುಗೆ ಮೇವು ತಂದು ಹಾಕಿ ಮುಗಿಸಿದ್ಲು! ನಾನು ಹೇಳಿದ್ರೂ ಒಂದು ವಾರ ನಂಬಲಿಲ್ಲ, "ಸಿದ್ದರಾಮಯ್ಯ ಕೊಟ್ಟಿದ್ದನ್ನ ಬರದ್ದು ಅಂತ ಯಾಕವ್ವ ಹೇಳ್ತೀಯ" ಅಂತ ನಂಗೇ ಬೈದ್ಲು. ಎರಡನ್ನೂ ಅವರ ಸರ್ಕಾರನೇ ಕೊಟ್ಟಿದ್ದು ಅಂತ ಬಿಡಿಸಿ ಹೇಳೋಷ್ಟರಲ್ಲಿ ಸಾಕಾಯ್ತು.

ಊಟಕ್ಕೆ ತೊಂದರೆ ಆಯ್ತಾ ಅಂತ ಕೇಳಿದ್ರೆ, ಹಸಿದು ಮಲಗಿದ್ವಿ ಅನ್ನೋ ಥರ ಇಲ್ಲ. ರೇಷನ್ ಅಕ್ಕಿ ಇತ್ತು, ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಬದಲು ಕೆಜಿಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಬರ್ತಿತ್ತು. ಆದ್ರೆ ಬೇಳೆ, ತರಕಾರಿ, ಎಣ್ಣೆ ಕಮ್ಮಿ ಆಗ್ತಾ ಹೋಯ್ತು. ಶೇಂಗಾ ಬೆಳೆಯೋ ಮನೇಲಿ ಶೇಂಗಾ ಎಣ್ಣೆ ಅಂಗಡಿಯಿಂದ ಚಿಕ್ಕ ಪ್ಯಾಕೆಟ್ ತರೋದು. ನಾನು ಫೆಬ್ರವರಿಲಿ ಹೋದಾಗ ಚಟ್ನಿಪುಡಿ ಡಬ್ಬಿ ಖಾಲಿ ಇತ್ತು, ನಮ್ಮನೇಲಿ ಅದು ಖಾಲಿ ಇದ್ದಿದ್ದನ್ನ ನಾನು ನೋಡೇ ಇರ್ಲಿಲ್ಲ. ಕುಡಿಯೋ ನೀರು ಟ್ಯಾಂಕರ್ರು, ಬರೋ ಟೈಮಿಗೆ ಕೊಡಗಳ ಸಾಲು, ಆ ಜಗಳಗಳ ಬಗ್ಗೆ ಬರೆದ್ರೆ ಬೇರೆ ಕಥೆನೇ ಆಗುತ್ತೆ.

ದುಡಿಯಕ್ಕೆ ನರೇಗಾ ಇತ್ತು, ದಿನಕ್ಕೆ 316 ರೂಪಾಯಿ, ಅವ್ವ ಕೆರೆ ಹೂಳಿಗೂ ಬದು ಹಾಕಕ್ಕೂ ಹೋಗ್ತಿದ್ಲು. ಬೆಳಿಗ್ಗೆ ಒಂದ್ಸಲ ಮಧ್ಯಾಹ್ನ ಒಂದ್ಸಲ ಆಪಲ್ಲಿ ಗುಂಪು ಫೋಟೋ, ನೆಟ್‌ವರ್ಕ್ ಇಲ್ಲ ಅಂದ್ರೆ ಗುಡ್ಡ ಹತ್ತಿ ಅಪ್‌ಲೋಡ್ ಮಾಡೋದು. ಕೂಲಿ ಬರೋದು ಲೇಟು. ದೊಡ್ಡಪ್ಪ ನಗ್ತಿದ್ರು, ಅವರು ಚಿಕ್ಕವರಿದ್ದಾಗ ಬರಗಾಲದ ಕೆಲಸ ಅಂತ ಊರೋರೆಲ್ಲ ಕೆರೆ ಮಣ್ಣು ಹೊರ್ತಿದ್ರಂತೆ, ಹೊತ್ತ ಪುಟ್ಟಿಗೆ ಕಾಳೋ ಕಾಸೋ ಅಲ್ಲೇ ಕೊಡ್ತಿದ್ರಂತೆ, ಸ್ಕೂಲಲ್ಲಿ ಕೇರ್ ಅನ್ನೋ ಸಂಸ್ಥೆಯಿಂದ ಬಂದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ. "ಆವಾಗ ತಟ್ಟೆ ಹಿಡ್ಕೊಂಡು ಹೋದ್ರೆ ಸಾಕಿತ್ತು, ನಿನ್ನ ಪಹಣಿ ಎಲ್ಲೈತಲಾ ಅಂತ ಯಾರೂ ಕೇಳ್ತಿರ್ಲಿಲ್ಲ" ಅಂದ್ರು. ನಾಯಕನಹಟ್ಟಿ ತಿಪ್ಪೇಸ್ವಾಮಿ ಕೆರೆ ಕಟ್ಟಿಸಿ ಮಾಡಿದಷ್ಟು ನೀಡು ಭಿಕ್ಷೆ ಅಂದಿದ್ದೂ ಇದನ್ನೇ ಅಲ್ವಾ ಅಂತ ಅವರ ವಾದ. ಹಳೇ ಕಾಲ ಬಲೇ ಚೆನ್ನಾಗಿತ್ತು ಅಂತ ನಾನೇನೂ ಒಪ್ಪಲ್ಲ, ಆ ಉಪ್ಪಿಟ್ಟಿನ ಸಾಲಲ್ಲಿ ಯಾರ್ಯಾರು ದೂರ ನಿಂತಿದ್ರು ಅನ್ನೋದೂ ಗೊತ್ತು. ಈಗ ಮಧ್ಯದಲ್ಲಿ ದುಡ್ಡು ತಿನ್ನೋರು ಕಮ್ಮಿ ಆಗಿದ್ದಾರೆ ಅನ್ನೋದೂ ನಿಜ, ನೇರ ಖಾತೆಗೆ ಬೀಳುತ್ತೆ. ಆದ್ರೆ ಖಾತೆಗೆ ಬೀಳೋಕೆ ಮುಂಚೆ ಯಾರು ಲೆಕ್ಕಕ್ಕೇ ಬರಲ್ಲ ಅನ್ನೋ ವಿಷಯದಲ್ಲಿ ದೊಡ್ಡಪ್ಪನ ಮಾತು ತೆಗೆದುಹಾಕಕ್ಕಾಗಲ್ಲ.

ದನಗಳದ್ದೂ ಅದೇ. ಮೇವು ಬ್ಯಾಂಕಿಗೆ ಹೋದ್ರೆ ಕಿವಿ ಓಲೆ ನಂಬರು ನೋಡ್ತಾರೆ, ಗೋಶಾಲೆಗೆ ಆಗ ಸರ್ಕಾರದ ಲೆಕ್ಕ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಚಿಕ್ಕದಕ್ಕೆ 45. ನಮ್ಮ ಕಡೆ ಮ್ಯಾಸ ನಾಯಕರ ದೇವರ ಎತ್ತುಗಳು ಇದಾವಲ್ಲ, ಅವು ಯಾರ ಮನೇದೂ ಅಲ್ಲ, ದೇವರದ್ದು, ಕಿಲಾರಿಗಳು ಕಾಯ್ತಾರೆ, ಮಾರಂಗಿಲ್ಲ ಹೂಡಂಗಿಲ್ಲ. ಅವುಗಳಿಗೆ ಮೇವು ಬೇಕಾದ್ರೆ ದಾನಿಗಳ ಹತ್ರ, ಅಧಿಕಾರಿಗಳ ಹತ್ರ ಕಿಲಾರಿಗಳೇ ಕೈ ಮುಗೀಬೇಕು. ಆ ಬೇಸಿಗೇಲಿ ಯಾರೋ ಟ್ರ್ಯಾಕ್ಟರಲ್ಲಿ ಮೇವು ತಂದು ಹಾಕಿದಾಗ ಅವ್ವ ಎರಡು ಹೊರೆ ಕೇಳಕ್ಕೆ ಹೋಗಿ, ದೇವರದ್ದು ಅಂತ ಸುಮ್ನೆ ನೋಡ್ಕೊಂಡು ಬಂದ್ಲಂತೆ.

ಏಪ್ರಿಲ್ ಕೊನೇಲಿ ಕೇಂದ್ರ 3,454 ಕೋಟಿ ಬಿಡುಗಡೆ ಮಾಡ್ತು. ಚಿತ್ರದುರ್ಗದಲ್ಲಿ ಏಪ್ರಿಲ್ 26ಕ್ಕೆ ಲೋಕಸಭೆ ವೋಟ್ ಹಾಕಿ ಆಗಿತ್ತು, ದಾವಣಗೆರೇದು ಮೇ 7ಕ್ಕೆ ಇತ್ತು. ಮೇ ತಿಂಗಳಲ್ಲಿ ದುಡ್ಡು ಬಂತು. ಮೂರು ಎಕರೆ ಅಂದ್ರೆ 1.2 ಹೆಕ್ಟೇರ್ ಚಿಲ್ರೆ, 8,500ರ ಲೆಕ್ಕದಲ್ಲಿ ಹತ್ತು ಸಾವಿರದ ಮುನ್ನೂರರ ಹತ್ರ ಆಗುತ್ತೆ, ಜನವರಿಲಿ ಕೊಟ್ಟ 2,000 ಮುರ್ಕೊಂಡು ಉಳಿದಿದ್ದು ಹಾಕಿದ್ರು. ಬಿತ್ತನೆ ಬೀಜಕ್ಕೇ ಅದಕ್ಕಿಂತ ಜಾಸ್ತಿ ಸುರಿದಿದ್ವಿ, ಗೊಬ್ಬರ ಕಳೆ ಕೂಲಿ ಬಿಡಿ. ಸರ್ಕಾರದವರೇ ಇದನ್ನ ಇನ್‌ಪುಟ್ ಸಬ್ಸಿಡಿ ಅಂತಾರೆ, ಅಂದ್ರೆ ಬೆಳೆ ನಷ್ಟ ತುಂಬಿಕೊಡೋದಲ್ಲ, ಮುಂದಿನ ಬಿತ್ತನೆಗೆ ಒಂದಿಷ್ಟು ಕೈಗಾಸು. ಅವ್ವನಿಗೆ ಮೊದಲೇ ಇದನ್ನ ಹೇಳಿದ್ರೆ ಇಷ್ಟು ಆಸೆ ಇಟ್ಕೊಳ್ತಿರ್ಲಿಲ್ವೇನೋ. ಓಣಿಯ ಒಬ್ಬ ಮಾವನಿಗಂತೂ ದುಡ್ಡು ಬಂದ ದಿನವೇ ಬ್ಯಾಂಕಿನೋರು ಸಾಲಕ್ಕೆ ಜಮಾ ಮಾಡ್ಕೊಂಡ್ರು. ಹಂಗೆ ಮಾಡಂಗಿಲ್ಲ ಅಂತ ಸರ್ಕಾರ ಹೇಳಿದ್ದು ಪೇಪರಲ್ಲಿ ಬಂದಿತ್ತು, ಅದನ್ನ ಕತ್ತರಿಸಿಕೊಂಡು ಹೋಗಿ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟು ಕೂತ್ಮೇಲೆ ವಾಪಸ್ ಹಾಕಿದ್ರು.

ಇದು ಬಂತು ಅನ್ನೋ ಉತ್ರ. ಬೇರೆಯವರಿಗೆ ಹೋಯ್ತು ಅನ್ನೋದು ಗುತ್ತಿಗೆ ಹೊಲದ್ದು. ಉತ್ತಿದ್ದು ಬಿತ್ತಿದ್ದು ಕಳೆದುಕೊಂಡಿದ್ದು ಅವ್ವ, ಪಹಣಿ ಮಾತ್ರ ಬೆಂಗಳೂರೋರದ್ದು, ಪರಿಹಾರ ಅವರ ಖಾತೆಗೆ. ಹಂಗಿದ್ರೆ ಗುತ್ತಿಗೆ ಪತ್ರ ಮಾಡ್ಕೊಳ್ಳಿ ಅಂತ ನೀವನ್ನಬಹುದು, ಯಾರು ಮಾಡ್ಕೊಡ್ತಾರೆ? 1974ರ ಭೂ ಸುಧಾರಣೆ ತಿದ್ದುಪಡಿ ಆದ್ಮೇಲೆ ಸೈನಿಕರು, ನಾವಿಕರು ಬಿಟ್ರೆ ನಮ್ಮಲ್ಲಿ ಗೇಣಿಗೆ ಕೊಡೋದೇ ಕಾನೂನುಬಾಹಿರ. ಉಳುವವನೇ ಹೊಲದೊಡೆಯ ಅಂತ ಅವತ್ತು ಎಷ್ಟೋ ಬಡವರಿಗೆ ಭೂಮಿ ಕೊಟ್ಟ ಕಾನೂನೇ, ಇವತ್ತು ಬೇರೆಯವರ ಹೊಲ ಉಳೋ ಅವ್ವನಂಥವರನ್ನ ಲೆಕ್ಕದಿಂದ ಹೊರಗಿಟ್ಟೈತೆ. ಬರೆದುಕೊಟ್ರೆ ಎಲ್ಲಿ ಹೊಲ ಹೋಗುತ್ತೋ ಅಂತ ಮಾಲೀಕರಿಗೆ ಭಯ. ನಾನು ಬೆಂಗಳೂರಿಗೆ ಫೋನ್ ಮಾಡಿದೆ, ಆ ಅಣ್ಣನಿಗೆ ದುಡ್ಡು ಬಂದಿರೋದೇ ಗೊತ್ತಿರ್ಲಿಲ್ಲ, ಚೆಕ್ ಮಾಡಿ "ಹೌದಲ್ಲಮ್ಮ, ಬಂದೈತೆ, ಮುಂದಿನ ವರ್ಷದ ಗುತ್ತಿಗೇಲಿ ಮುರ್ಕೊಳ್ಳಿ ಬಿಡು" ಅಂದ್ರು. ಅವರು ಒಳ್ಳೆಯವರು. ನಮ್ಮೂರಲ್ಲೇ ಇನ್ನೊಬ್ಬರು ಕೇಳಿದ್ದಕ್ಕೆ ಮಾಲೀಕರು ಹೊಲನೇ ಬಿಡಿಸ್ಕೊಂಡ್ರು, ಅವರಿಗೆ ಹೇಳ್ಕೊಳ್ಳಕ್ಕೆ ಕಚೇರಿನೂ ಇಲ್ಲ, ಕಾಗದವೂ ಇಲ್ಲ.

ಬರ್ಲೇ ಇಲ್ಲ ಅನ್ನೋದು ಅಜ್ಜನ ಐದು ಎಕರೆದು. ಸತ್ತವರ ಹೆಸರಿಗೆ ಆಧಾರ್ ಇಲ್ಲ, ಆಧಾರ್ ಇಲ್ದೇ ಎಫ್ಐಡಿ ಇಲ್ಲ, ಎಫ್ಐಡಿ ಇಲ್ದೇ ಪರಿಹಾರ ಇಲ್ಲ. ಪೌತಿ ಖಾತೆ, ಅಂದ್ರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ, ಆಗಬೇಕಂದ್ರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ. ಮರಣ ಪತ್ರ ಇತ್ತು, ವಂಶವೃಕ್ಷ ನಾಡಕಚೇರೀಲಿ ಮಾಡಿಸಿದ್ವಿ. ವಂಶವೃಕ್ಷ ಮಾಡಿಸಿದಾಗ್ಲೇ ನಿಜವಾದ ಸಮಸ್ಯೆ ಎದ್ದಿದ್ದು, ಅದರಲ್ಲಿ ಅಪ್ಪ, ದೊಡ್ಡಪ್ಪ ಜೊತೆಗೆ ಇಬ್ರು ಅತ್ತೆಯರೂ ಬರ್ತಾರಲ್ಲ. ಚಿಕ್ಕತ್ತೆ ಹಬ್ಬಕ್ಕೆ ಬಂದಾಗ ಸೀರೆ ಉಡ್ಸಿದ್ದಕ್ಕೆ ಸಹಿ ಹಾಕಿದ್ರು. ದೊಡ್ಡತ್ತೆ ಹಾಕ್ಲಿಲ್ಲ. "ನನ್ನ ಭಾಗ ಎಷ್ಟು ಅಂತ ಮೊದ್ಲು ಹೇಳ್ರಿ, ಆಮೇಲೆ ಸಹಿ" ಅಂದ್ರು. ದೊಡ್ಡಪ್ಪ ಕೆಂಡಾಮಂಡಲ, ಹದಿನೇಳು ಸಾವಿರದ ಬರದ ದುಡ್ಡಿಗೆ ತಂಗಿ ಹೊಲ ಕೇಳ್ತಾಳೆ ಅಂತ. ಹೆಣ್ಮಕ್ಕಳಿಗೂ ಸಮ ಭಾಗ ಅಂತ 2005ರಲ್ಲೇ ಕಾನೂನು ಆಗೈತೆ ದೊಡ್ಡಪ್ಪ ಅಂತ ನಾನಂದಿದ್ದಕ್ಕೆ "ನೀನೂ ಹೆಣ್ಣೇ ಅಲ್ವಾ, ನಿನ್ನ ಬುದ್ಧಿ ಎಲ್ಲಿ ಹೋಗುತ್ತೆ" ಅಂತ ನನ್ನ ಮೇಲೆ ಎಗರಿದ್ರು. ಅವ್ವ ಮಧ್ಯೆ ಬಂದು ಊಟಕ್ಕೆ ಏಳಿ ಅಂದ್ಲು.

2025ರಲ್ಲಿ ಇ-ಪೌತಿ ಆಂದೋಲನ ಅಂತ ಶುರು ಮಾಡಿ ವಿಎಗಳೇ ಮನೆ ಬಾಗಿಲಿಗೆ ಬರೋ ಥರ ಆಯ್ತು. ನಮ್ಮನೆಗೂ ಬಂದ್ರು. ಫಾರಂ ತುಂಬಿ ದೊಡ್ಡತ್ತೆ ಕಾಲಮ್ ಖಾಲಿ ಬಿಟ್ಕೊಂಡು ಹೋಗಿದ್ದಾರೆ. ಒಂದು ಎಕರೆ ಕೊಟ್ರೆ ಸಾಕು ಅಂತ ಅತ್ತೆ ಈಗ ಹೇಳ್ತಿದ್ದಾರಂತೆ, ದೊಡ್ಡಪ್ಪ ಇಪ್ಪತ್ತು ಗುಂಟೆಗೆ ಬಂದು ನಿಂತಿದ್ದಾರೆ. ದೀಪಾವಳಿಗೆ ಅತ್ತೆ ಬರ್ತಾರೆ, ನಾನೂ ಹೋಗ್ತೀನಿ, ಮಾತು ಆಗ್ಲಿ ಅಂತ ಅವ್ವ ಹೇಳಿದ್ದಾಳೆ.